ಗುಜರಿಗೆ ಹೊರಟಿದ್ದ ಮೆಟಡೋರ್

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿನಿಂದ ತಮ್ಮನ ಫೋನು. "ಅಣ್ಣಾ, ಗುಜರಿಯವ ಬಂದಾನ. ಗಾಡಿಗೆ ಇಪ್ಪತ್ತೆಂಟು ಸಾವ್ರ ಕೊಡ್ತೀನಿ ಅಂತಾನ. ಕೊಟ್ಟುಬಿಡ್ಲೇನು?"

ಗಾಡಿ ಅಂದರೆ ಅಪ್ಪನ 1988ರ ಮೆಟಡೋರ್. ಹಿತ್ತಲಿನ ಬೇವಿನ ಮರದ ಕೆಳಗೆ ನಿಂತು ಹದಿನಾಲ್ಕು ವರ್ಷವಾಯಿತು. ಮನೆಯ ಕೋಳಿಗಳು ಮೊಟ್ಟೆ ಇಡುವುದು ಅದರ ಹಿಂದಿನ ಸೀಟಿನ ಕೆಳಗೆ. "ಎರಡು ವಾರ ತಡಿ" ಅಂದುಬಿಟ್ಟೆ. ಯಾಕೆ ಅಂದೆ ಅಂತ ನನಗೇ ಗೊತ್ತಿರಲಿಲ್ಲ.

ಪುಣೆಯಲ್ಲಿರುವ ನಮಗೆ ಒಂದು ಅನುಕೂಲವಿದೆ. ಮೆಟಡೋರ್ ಮಾಡಿದ ಬಜಾಜ್ ಟೆಂಪೊ ಇಲ್ಲಿಯದೇ ಕಂಪನಿ. 1958ರಲ್ಲಿ ಎನ್. ಕೆ. ಫಿರೋದಿಯಾ ಅವರು ಜರ್ಮನಿಯ ಟೆಂಪೊ ಕಂಪನಿಯ ಸಹಯೋಗದಲ್ಲಿ ಶುರು ಮಾಡಿದ್ದು. ಈಗ ಫೋರ್ಸ್ ಮೋಟರ್ಸ್. ಆಕುರ್ಡಿಯ ಆ ಗೇಟಿನ ಮುಂದೆಯೇ ನಾನು ಎಷ್ಟೋ ವರ್ಷ ಆಫೀಸಿಗೆ ಹೋಗಿದ್ದೇನೆ, ಒಂದು ಸಲವೂ ಅಪ್ಪನ ಗಾಡಿ ನೆನಪಾಗಿರಲಿಲ್ಲ. ಸಹೋದ್ಯೋಗಿಯೊಬ್ಬರ ಮಾವ ಹಳೆಯ ವಾಹನಗಳನ್ನು ಸರಿಪಡಿಸಿ ಇಟ್ಟುಕೊಳ್ಳುವವರು, ಅವರ ಶೆಡ್ಡಿನಲ್ಲಿ ಒಂದು ಮೆಟಡೋರ್ ಇದೆ ಎಂದು ತಿಳಿದು ನೋಡಲು ಹೋದೆ.

ಕೆನೆ ಬಣ್ಣ, ಸೊಂಟದ ಮಟ್ಟಕ್ಕೆ ನೀಲಿ ಪಟ್ಟಿ. ಅದೇ ದುಂಡು ಮೋರೆ. ಹಿಂದೆ ಶಾಲಾ ಮಕ್ಕಳನ್ನು ಹೊರುತ್ತಿದ್ದ ಗಾಡಿಯಂತೆ. ಹಳೆಯ ಜಾಡಿನ ರೆಕ್ಸಿನ್ ಹುಡುಕಿ ತಂದು ಸೀಟು ಹೊಲಿಸಿದ್ದಾರೆ. ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ನೋಡಿದ ಕೂಡಲೇ ನನ್ನ ತೊಡೆ ಬಿಸಿಯಾದಂತಾಯಿತು. ಹಿರೇಕೆರೂರು ರಸ್ತೆಯಲ್ಲಿ ಜನ ತುಂಬಿದ ದಿನ ನನ್ನ ಜಾಗ ಅದೇ, ಗೋಣಿಚೀಲ ಹಾಸಿಕೊಂಡು.

ಕಾಕಾ (ಎಲ್ಲರೂ ಹಾಗೇ ಕರೆಯುತ್ತಾರೆ) ಕೀಲಿ ತಿರುಗಿಸಿ ಹೀಟರ್ ಕಾಯಲು ಒಂದಿಷ್ಟು ಹೊತ್ತು ಸುಮ್ಮನೆ ಕೂತರು. ಆಮೇಲೆ ಆ ಗಡಗಡ ಸದ್ದು. ಇಂಜಿನ್ ಚಿಂತೆಯೇ ಅಲ್ಲ ಅಂದರು. ಮರ್ಸಿಡಿಸ್‌ನ ಓಎಂ 616 ವಿನ್ಯಾಸ, ಟ್ರ್ಯಾಕ್ಸ್‌ನಲ್ಲೂ ಅದೇ ಬಂದದ್ದರಿಂದ ಬಿಡಿಭಾಗ ಸಿಗುತ್ತದೆ. ಕಷ್ಟವಿರುವುದು ತಗಡಿನಲ್ಲಿ. ನೆಲ, ಚಕ್ರದ ಕಮಾನು, ಬಾಗಿಲ ಕೆಳಅಂಚು, ಮಳೆನೀರಿನ ಕಾಲುವೆ ಎಲ್ಲ ತುಕ್ಕು. ಅಚ್ಚುಗಳಿಲ್ಲ, ಕೈಯಲ್ಲೇ ಬಡಿದು ಮಾಡಿಸಬೇಕು. ಕಿಟಕಿಯ ರಬ್ಬರ್ ಬೀಡಿಂಗಿಗೆ ಎಂಟು ತಿಂಗಳು ಅಲೆದರಂತೆ. ಖರ್ಚೆಷ್ಟು ಅಂದರೆ ನಕ್ಕು, "ಮನೆಯಲ್ಲಿ ಕೇಳಬೇಡಿ" ಅಂದರು.

ಇಂಥ ವ್ಯಾನಿಗೆ ಹುಚ್ಚು ಹಿಡಿಸಿಕೊಂಡವರು ಹೊರಗೆ ತುಂಬ ಜನ. ಫೋಕ್ಸ್‌ವ್ಯಾಗನ್ ಮೈಕ್ರೋಬಸ್ ಎಲ್ಲರೂ ಸಿನಿಮಾದಲ್ಲಿ ನೋಡಿರುತ್ತೀರಿ. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ನೋಟ್‌ಬುಕ್ಕಿನಲ್ಲಿ ಗೀಚಿದ ಚಿತ್ರ, 1950ರಲ್ಲಿ ಗಾಡಿಯಾಯಿತು. ಅದರಲ್ಲೂ 23 ಕಿಟಕಿಗಳ ಸಾಂಬಾ ಎಂಬ ಮಾದರಿ 2011ರಲ್ಲಿ ಅಮೆರಿಕದ ಹರಾಜಿನಲ್ಲಿ ಎರಡು ಲಕ್ಷ ಡಾಲರ್ ದಾಟಿತು. ದುಡಿಯುವ ಗಾಡಿಯನ್ನು ಯಾರೂ ಜೋಪಾನ ಮಾಡುವುದಿಲ್ಲ, ಸವೆಸಿ ಬಿಸಾಡುತ್ತಾರೆ. ಉಳಿದದ್ದು ಕಮ್ಮಿ, ಅದಕ್ಕೇ ಬೆಲೆ. ಒಂದು ತಮಾಷೆಯೆಂದರೆ 1949ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಂದ ಮೊದಲ ಮೆಟಡೋರ್‌ಗೆ ಇದ್ದದ್ದು ಫೋಕ್ಸ್‌ವ್ಯಾಗನ್ ಇಂಜಿನ್ನೇ. ಸ್ವಂತ ವ್ಯಾನ್ ಬಂದ ಮೇಲೆ ಅವರು ಇಂಜಿನ್ ಕೊಡುವುದು ನಿಲ್ಲಿಸಿದರು. ದಾಯಾದಿ ಜಗಳ!

ನಮ್ಮ ಮೆಟಡೋರ್‌ಗೆ ಅಂಥ ಹರಾಜಿಲ್ಲ. 1987ರಲ್ಲಿ ಟ್ರಾವೆಲರ್ ಬಂದ ಮೇಲೆ ನಿಧಾನವಾಗಿ ಬದಿಗೆ ಸರಿದದ್ದು ಅದು. ಆದರೆ ಅದನ್ನೇ ಹುಡುಕುವವರು ಇದ್ದಾರೆ, ಕಾಕಾ ಹೇಳುವ ಪ್ರಕಾರ ಹೆಚ್ಚಿನವರು ಅದರಲ್ಲಿ ಶಾಲೆಗೋ ದಿಬ್ಬಣಕ್ಕೋ ಹೋದವರು. ಅವರು ಮೊದಲು ಕೇಳುವುದು ಕಾಗದ. ಆರ್‌ಸಿ ಇದೆಯಾ, ಚಾಸಿ ನಂಬರ್ ಓದಲು ಬರುತ್ತದಾ, ಇಂಜಿನ್ ಅದರದ್ದೇನಾ. ಹೊಳಪು ಆಮೇಲೆ.

ಕಾಗದದಲ್ಲೇ ನಮ್ಮ ತೊಡಕು. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಸ್ವಂತ ಬಳಕೆಯ ವಾಹನವಾಗಿರಬೇಕು, ಮೂಲ ರೂಪದಲ್ಲಿರಬೇಕು. ಆಗ 'ವಿಎ' ಅಕ್ಷರಗಳ ನಂಬರು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ. ಪ್ರದರ್ಶನ, ರ‍್ಯಾಲಿ ಅಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಅಪ್ಪನದು ಹಳದಿ ಬೋರ್ಡಿನ ಗಾಡಿ, ಐವತ್ತಾಗುವುದು 2038ಕ್ಕೆ. ಅಲ್ಲಿಯವರೆಗೆ ಅದು ತೆರಿಗೆ ಬಾಕಿ ಇರುವ, ಫಿಟ್‌ನೆಸ್ ಮುಗಿದ ಹಳೇ ವ್ಯಾನು ಅಷ್ಟೇ. ಈ ನಿಯಮ ಶ್ರೀಮಂತರ ಕಾರುಗಳಿಗೆ ಹೊಂದುತ್ತದೆ, ದುಡಿದ ಗಾಡಿಗಲ್ಲ ಅಂತ ನನ್ನ ಅಭಿಪ್ರಾಯ.

ಹೊರಡುವಾಗ ಕಾಕಾ, ತಾವೇ ಅರವತ್ತು ಸಾವಿರಕ್ಕೆ ಕೊಳ್ಳುವುದಾಗಿ ಹೇಳಿದರು. ಗುಜರಿಯವನ ಎರಡರಷ್ಟಕ್ಕಿಂತ ಹೆಚ್ಚು. ಅಪ್ಪನಿಗೆ ಫೋನ್ ಮಾಡಿ, ಫೋಟೋ ಕಳಿಸಿ ಎಲ್ಲ ಹೇಳಿದೆ. ಎಪ್ಪತ್ತಮೂರು ವಯಸ್ಸು, ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ. ಬಹಳ ಹೊತ್ತು ಮಾತಿಲ್ಲ.

"ಚಲೋ ಮಾಡ್ಯಾರ" ಅಂದರು. "ಆದ್ರ ಮುಂದ ಏನೂ ಬರಸಿಲ್ಲಲ್ಲೋ. ನಮ್ಮ ಗಾಡಿ ಮ್ಯಾಲೆ ನಿಮ್ಮವ್ವನ ಹೆಸರೈತಿ. ಅವ್ರು ಅದನ್ನ ಅಳಸ್ತಾರೇನು, ಕೇಳು ಮೊದ್ಲ."

ಕೇಳಿದೆ. ಬಣ್ಣ ಕೆರೆಯದೆ ತಗಡು ದುರಸ್ತಿ ಆಗುವುದಿಲ್ಲ, ಬೇಕಿದ್ದರೆ ಅದೇ ಅಕ್ಷರವನ್ನು ಪೇಂಟರ್ ಹತ್ತಿರ ಮತ್ತೆ ಬರೆಸುತ್ತೇನೆ ಅಂದರು ಕಾಕಾ. ಅಪ್ಪ ಇನ್ನೂ ಹೂಂ ಅಂದಿಲ್ಲ. ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ; ಆರ್‌ಸಿ ಟ್ರಂಕಿನಲ್ಲಿದೆಯಂತೆ. ತಮ್ಮ ಗುಜರಿಯವನನ್ನು ವಾಪಸ್ ಕಳಿಸಿದ್ದಾನೆ, ಕೋಳಿಗಳಿಗೆ ಸದ್ಯಕ್ಕೆ ತೊಂದರೆಯಿಲ್ಲ.