ಗಾಜು ಒರೆಸುವ ಉದ್ಯೋಗ: ದೊಡ್ಡ ಮಳಿಗೆಗಳ ಕೆಲಸ ಹಿಡಿಯುವ ಮುನ್ನ

ನಾನು ಹುಬ್ಬಳ್ಳಿಯಲ್ಲಿ ಬಹಳ ವರ್ಷಗಳಿಂದ ಫಿನೈಲ್, ಮಾಪ್, ವೈಪರ್ ಮುಂತಾದ ಸ್ವಚ್ಛತಾ ಸಾಮಾನು ಮಾರುತ್ತಿರುವ ವ್ಯಾಪಾರಿ. ಸಂಜೆ ಬಿಡುವಿದ್ದಾಗ ಹೊಸದಾಗಿ ಉದ್ಯೋಗ ಆರಂಭಿಸುವ ಹುಡುಗರಿಗೆ ಅರ್ಜಿ, ಬಿಲ್ಲು, ಲೆಕ್ಕದ ವಿಷಯದಲ್ಲಿ ನೆರವಾಗುತ್ತೇನೆ. ಕಳೆದ ವರ್ಷ ನನ್ನಲ್ಲಿ ಸಾಮಾನು ಒಯ್ಯುವ ಹುಡುಗನೊಬ್ಬ ಬಂದು, "ಕಾಕಾ, ಹದಿನಾಲ್ಕು ಅಂಗಡಿ ಒಮ್ಮೆಲೇ ಸಿಕ್ಕಾವ್ರಿ, ಸಹಿ ಮಾಡ್ಲೇನ್ರಿ?" ಎಂದು ಕೇಳಿದ. ತಾಯಿಯ ಬಂಗಾರ ಅಡವಿಟ್ಟು ಬಂಡವಾಳ ತರುವ ಯೋಚನೆಯಲ್ಲಿದ್ದ. ಅವನೊಂದಿಗೆ ಕುಳಿತು ಮಾಡಿದ ಲೆಕ್ಕ ಇನ್ನಷ್ಟು ಜನರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಯಾರ ಕೈಯಲ್ಲಿರುತ್ತದೆ?

ಊರೂರಿಗೆ ಶಾಖೆ ಇರುವ ಬಟ್ಟೆ, ಚಪ್ಪಲಿ, ಕನ್ನಡಕ, ಔಷಧ ಮಳಿಗೆಗಳಲ್ಲಿ ಸ್ಟೋರ್ ಮ್ಯಾನೇಜರ್‌ಗೆ ಸಾಮಾನ್ಯವಾಗಿ ಗುತ್ತಿಗೆ ಕೊಡುವ ಅಧಿಕಾರ ಇರುವುದಿಲ್ಲ. ಅದು ಏರಿಯಾ ಮ್ಯಾನೇಜರ್ ಅಥವಾ ಮುಖ್ಯ ಕಚೇರಿಯ ಅಡ್ಮಿನ್ ವಿಭಾಗದ ಕೈಯಲ್ಲಿರುತ್ತದೆ. ಆದರೆ ಬಾಗಿಲು ತೆರೆಯುವವರು ಸ್ಟೋರ್ ಮ್ಯಾನೇಜರೇ. ಅವರ ಗಾಜಿನ ಮೇಲೆ ಧೂಳು ಕಂಡರೆ ಮೇಲಿನವರಿಂದ ಮಾತು ಕೇಳಬೇಕಾದವರು ಅವರು. ಆದ್ದರಿಂದ ಮೊದಲು ಒಂದು ಶಾಖೆಯಲ್ಲಿ ಒಂದೇ ಒಂದು ಬಾರಿ ಉಚಿತವಾಗಿ ಕೆಲಸ ಮಾಡಿ ತೋರಿಸಿ, ಮೊದಲಿನ ಮತ್ತು ನಂತರದ ಫೋಟೋ ತೆಗೆದು, ಏರಿಯಾ ಮ್ಯಾನೇಜರ್ ಹೆಸರು ಕೇಳಿ ಪಡೆಯಬೇಕು. ಅವರಿಗೆ ಒಂದೇ ಪುಟದ ಪತ್ರ ಸಾಕು: ವಾರಕ್ಕೆ ಎಷ್ಟು ಸಲ ಬರುತ್ತೇವೆ, ಎಷ್ಟು ಗಂಟೆಯೊಳಗೆ ಮುಗಿಸುತ್ತೇವೆ, ಒಂದು ಸಲಕ್ಕೆ ದರವೆಷ್ಟು.

ಹೊಸ ಶಾಖೆ ತೆರೆಯುವ ಸಮಯ ಮತ್ತು ದೀಪಾವಳಿಯ ಹಿಂದಿನ ತಿಂಗಳು ಒಳ್ಳೆಯ ಕಾಲ. ಆಗ ಗಾಜಿನ ಮೇಲೆ ಬಣ್ಣದ ಹನಿ, ಸ್ಟಿಕ್ಕರ್ ಅಂಟು ಇರುತ್ತದೆ. ಕೆಲವು ಕಂಪನಿಗಳು ಇಡೀ ಸ್ವಚ್ಛತೆಯನ್ನು ಒಬ್ಬ ದೊಡ್ಡ ಗುತ್ತಿಗೆದಾರರಿಗೆ ಕೊಟ್ಟಿರುತ್ತವೆ. ಅಂಥಲ್ಲಿ ಆ ಗುತ್ತಿಗೆದಾರರನ್ನೇ ಕಾಣಬೇಕು. ದರ ಕಡಿಮೆ ಸಿಗಬಹುದು, ಆದರೆ ಪರಿಚಯ ಬೆಳೆಯುತ್ತದೆ.

ಕೆಲಸ ಗಟ್ಟಿಯಾಗಿರಲಿ

ಅಂಗಡಿ ತೆರೆಯುವ ಮುನ್ನವೇ ಕೆಲಸ ಮುಗಿಯಬೇಕು. ಬಿಸಿಲು ಬಿದ್ದ ಗಾಜಿನ ಮೇಲೆ ಸಾಬೂನು ನೀರು ಬೇಗ ಒಣಗಿ ಗೆರೆ ಉಳಿಯುತ್ತದೆ. ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರು ಒಣಗಿದರೆ ಬಿಳಿ ಕಲೆ ನಿಲ್ಲುತ್ತದೆ. ಕೊನೆಯ ಒರೆಸುವಿಕೆಗಾದರೂ ಫಿಲ್ಟರ್ ನೀರು ಬಳಸಿ. ವೈಪರಿನ ರಬ್ಬರ್ ಅಂಚು ಸವೆದಿದ್ದರೆ ಎಷ್ಟು ಒರೆಸಿದರೂ ವ್ಯರ್ಥ. ಫಿಲ್ಮ್ ಅಂಟಿಸಿದ ಗಾಜಿಗೆ ಬ್ಲೇಡ್ ಹಾಕಬೇಡಿ. ಒಂದು ಗೀರು ಬಿದ್ದರೆ ತಿಂಗಳ ದುಡಿಮೆ ಹೋಯಿತು.

ಎತ್ತರದ ಗಾಜಿಗೆ ನೆಲದ ಮೇಲೆ ನಿಂತು ಉದ್ದನೆಯ ಕೋಲು ಬಳಸುವುದೇ ಕ್ಷೇಮ. ಒದ್ದೆ ಟೈಲ್ಸ್ ಮೇಲೆ ಏಣಿ ಬೇಡ. ನಮ್ಮ ಬಜಾರುಗಳಲ್ಲಿ ಬೋರ್ಡಿನ ವೈರು, ಕರೆಂಟ್ ತಂತಿ ಗಾಜಿನ ಪಕ್ಕದಲ್ಲೇ ಇರುತ್ತವೆ, ಅಲ್ಯೂಮಿನಿಯಂ ಕೋಲು ಎತ್ತುವ ಮುನ್ನ ಮೇಲೆ ನೋಡಬೇಕು. ಹಗ್ಗ ಕಟ್ಟಿಕೊಂಡು ಇಳಿಯುವ ಕೆಲಸ ತರಬೇತಿ ಪಡೆದವರದು, ಅದನ್ನು ಒಪ್ಪಿಕೊಳ್ಳಬೇಡಿ. ಒಬ್ಬ ಆಳಿದ್ದರೂ ಅವನಿಗೆ ಅಪಘಾತ ಪರಿಹಾರದ ವಿಮೆ ಮಾಡಿಸಿ. ಅವನ ಮನೆಯೂ ನಮ್ಮನ್ನು ನಂಬಿರುತ್ತದೆ.

ಹದಿನಾಲ್ಕು ಅಂಗಡಿಯ ಲೆಕ್ಕ

ಆ ಹುಡುಗನಿಗೆ ಸಿಕ್ಕಿದ್ದು ಹುಬ್ಬಳ್ಳಿ-ಧಾರವಾಡ, ಗದಗ, ಬೆಳಗಾವಿಯ 14 ಅಂಗಡಿ. ತಿಂಗಳಿಗೆ 8 ಸಲ, ಒಂದು ಸಲಕ್ಕೆ 400 ರೂಪಾಯಿ. ಒಟ್ಟು ಬಿಲ್ಲು 44,800. ನೋಡಲು ದೊಡ್ಡ ಮೊತ್ತ.

ಇನ್ನು ಖರ್ಚು. ಇಬ್ಬರು ಆಳುಗಳಿಗೆ 32,000, ಮೂರು ಊರು ಓಡಾಡುವ ಪೆಟ್ರೋಲ್ 8,000, ಸಾಮಾನು 2,000. ಒಟ್ಟು 42,000. ಉಳಿಯುವುದು 2,800 ರೂಪಾಯಿ, ಅದೂ ತನ್ನ ದುಡಿಮೆಗೆ ಬಿಡಿಗಾಸು ಸಂಬಳ ಹಿಡಿಯದೆ!

ಕರಾರಿನಲ್ಲಿ ಬಿಲ್ಲು ಕೊಟ್ಟ 60 ದಿನಕ್ಕೆ ಹಣ ಎಂದಿತ್ತು. ಮೊದಲ ತಿಂಗಳ ಬಿಲ್ಲಿನ ಹಣ ಮೂರನೇ ತಿಂಗಳ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಕೈಯಿಂದ ಹಾಕಬೇಕಾದ್ದು 1,26,000. ಜೊತೆಗೆ ಜಿಎಸ್‌ಟಿ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ, ಆದರೆ ದೊಡ್ಡ ಕಂಪನಿಗಳು ನಂಬರ್ ಕೇಳುವುದೇ ಹೆಚ್ಚು. ನೋಂದಣಿಯಾದರೆ ಬಿಲ್ಲಿನ ಮೇಲೆ 18% ತೆರಿಗೆ. ಗಿರಾಕಿ ಹಣ ಕೊಡಲಿ ಬಿಡಲಿ, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಅದನ್ನು ಕಟ್ಟಬೇಕು. ಎರಡು ತಿಂಗಳದ್ದು 16,128. ಅಂದರೆ ಮೊದಲ ರೂಪಾಯಿ ಕಾಣುವ ಮುನ್ನ ಸುಮಾರು 1,42,000 ಕೈಬಿಟ್ಟಿರುತ್ತದೆ. ತಾಯಿಯ ಬಂಗಾರ ಹೋಗುವುದು ಇಲ್ಲಿಗೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಾನೂನು ನಮ್ಮ ಕಡೆ ಏನಿದೆ?

ಉದ್ಯಮ್ ನೋಂದಣಿ ಮಾಡಿಸಿ. 2020ರ ಜುಲೈಯಿಂದ ಇರುವ ಈ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಸಂಪೂರ್ಣ ಉಚಿತ, ಏಜೆಂಟರಿಗೆ ಹಣ ಕೊಡಬೇಕಿಲ್ಲ. ಕೆಲಸ ಆರಂಭಿಸುವ ಮುನ್ನವೇ ಇದು ಕೈಯಲ್ಲಿರಬೇಕು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಹಣವನ್ನು ಲಿಖಿತ ಕರಾರು ಇಲ್ಲದಿದ್ದರೆ 15 ದಿನದೊಳಗೆ, ಕರಾರು ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದ್ದರಿಂದ 60 ದಿನ ಎಂಬ ಷರತ್ತಿಗೆ ಹೆದರಿ ಒಪ್ಪಬೇಕಿಲ್ಲ. ತಡಮಾಡಿದ ಮೊತ್ತವನ್ನು ಕಂಪನಿ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲಾಗದು ಎಂಬ ನಿಯಮವೂ 2024-25ರ ಕರ ನಿರ್ಧರಣಾ ವರ್ಷದಿಂದ ಬಂದಿದೆ. ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನಲ್ಲೂ ಮುದ್ರಿಸಿದರೆ ಅವರ ಲೆಕ್ಕಪತ್ರದವರೇ ಎಚ್ಚರವಾಗಿರುತ್ತಾರೆ. ವರ್ಷಕ್ಕೆ 1 ಲಕ್ಷ ದಾಟಿದರೆ ಸ್ವಂತ ಹೆಸರಿನ ಗುತ್ತಿಗೆಯಲ್ಲಿ 1% ಟಿಡಿಎಸ್ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನ್ನದೇ ಪಾಠವೊಂದನ್ನು ಹೇಳುತ್ತೇನೆ. ಹಿಂದೆ ಹಲವು ಶಾಖೆಗಳ ಮಳಿಗೆಯೊಂದಕ್ಕೆ ಸಾಮಾನು ಕೊಡುತ್ತಿದ್ದೆ. ಮ್ಯಾನೇಜರ್ ಪರಿಚಿತರೆಂದು ಚೀಟಿಗೆ ಸಹಿ ಹಾಕಿಸಲಿಲ್ಲ. ಅವರು ವರ್ಗವಾಗಿ ಹೋದರು, ಹೊಸಬರು "ದಾಖಲೆ ಎಲ್ಲಿ?" ಎಂದರು. ಎಂಟು ತಿಂಗಳು ಅಲೆದು ಅರ್ಧ ಹಣ ಪಡೆದೆ. ತಪ್ಪು ನನ್ನದೇ. ಆದ್ದರಿಂದ ಪ್ರತಿ ಸಲ ಕೆಲಸ ಮುಗಿದ ಮೇಲೆ ದಿನಾಂಕ, ಸಮಯ, ಸಹಿ, ಸೀಲು ಇರುವ ಚೀಟಿ ಪಡೆಯಿರಿ. ತಿಂಗಳ ಕೊನೆಗೆ ಎಲ್ಲವನ್ನೂ ಬಿಲ್ಲಿಗೆ ಲಗತ್ತಿಸಿ. ಕೆಲಸದ ಆದೇಶ ಕಾಗದದಲ್ಲಿ ಬರದೆ ಬಕೆಟ್ ಎತ್ತಬೇಡಿ.

ಕೊನೆಗೆ ಏನಾಯಿತು?

ಅವನು ಹುಬ್ಬಳ್ಳಿ-ಧಾರವಾಡದ 5 ಅಂಗಡಿ ಮಾತ್ರ ಕೇಳಿದ, 45 ದಿನದ ಷರತ್ತಿನೊಂದಿಗೆ. ಏರಿಯಾ ಮ್ಯಾನೇಜರ್ ಎರಡು ವಾರ ಸುಮ್ಮನಿದ್ದು ನಂತರ ಒಪ್ಪಿದರು. ತಿಂಗಳ ಬಿಲ್ಲು 16,000. ತಾನೇ ಕೆಲಸಕ್ಕೆ ನಿಲ್ಲುತ್ತಾನೆ. ಬೆಳಗಿನ ಸಹಾಯಕನಿಗೆ 6,000, ಪೆಟ್ರೋಲ್ 2,000, ಸಾಮಾನು 800 ಕಳೆದರೆ 7,200 ಉಳಿಯುತ್ತದೆ, ಅದೂ ಬೆಳಗಿನ ಮೂರು ಗಂಟೆಯಲ್ಲಿ. ಅದೇ ಬೀದಿಗಳ ಬೇಕರಿ, ಮೊಬೈಲ್ ಅಂಗಡಿಗಳನ್ನೂ ಹಿಡಿದಿದ್ದಾನೆ. ಅವರು ತಿಂಗಳ ಕೊನೆಗೆ ಕೈಗೇ ಹಣ ಕೊಡುತ್ತಾರೆ. ಒಬ್ಬ ದೊಡ್ಡ ಗಿರಾಕಿ ಕೈಬಿಟ್ಟರೂ ಮನೆ ನಡೆಯುತ್ತದೆ.

14ರಿಂದ ಬರುತ್ತಿದ್ದದ್ದಕ್ಕಿಂತ 5ರಿಂದಲೇ ಹೆಚ್ಚು ಉಳಿಯುತ್ತಿದೆ. ತಾಯಿಯ ಬಂಗಾರ ಮನೆಯಲ್ಲೇ ಇದೆ. ನಿಮ್ಮ ಮನೆಯ ಮಕ್ಕಳು ಇಂಥ ಕರಾರು ತಂದಾಗ ಬೇಡವೆನ್ನಬೇಡಿ, ಬೆನ್ನು ತಟ್ಟಿ. ಆದರೆ ಸಹಿಗೆ ಮುನ್ನ ಒಂದು ಹಾಳೆ, ಒಂದು ಪೆನ್ನು ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.