ಮಾಜಿ ಸೈನಿಕರಿಗೆ ಟೆಕ್ಸಾಸ್ ಕೊಡುವ ಆಸರೆ

ಟೆಕ್ಸಾಸಿನ ನಮ್ಮ ತರಗತಿಗಳಲ್ಲಿ ಸೇನೆ ಬಿಟ್ಟು ಓದಲು ಬಂದವರೂ ಇರುತ್ತಾರೆ. ಅವರ ಮಾನಸಿಕ ಆರೋಗ್ಯ ಅಂದರೆ ನಮಗೆ ನೆನಪಾಗೋದು ಕೇಂದ್ರ ಸರ್ಕಾರದ ವಿಎ ಆಸ್ಪತ್ರೆ. ಆದರೆ ಎಲ್ಲರೂ ಅಲ್ಲಿಗೆ ಹೋಗೋದಿಲ್ಲ. ಮನೆಯವರಿಗೆ ಅಲ್ಲಿ ಸಿಗುವ ನೆರವೂ ಕಡಿಮೆ. ಈ ಕೊರತೆ ತುಂಬಲು ರಾಜ್ಯ ಎರಡು ದಾರಿ ಹಿಡಿದಿದೆ.

ಒಂದು, ಜೊತೆಗಾರರ ಜಾಲ. ಮಾಜಿ ಸೈನಿಕರಿಗೇ ತರಬೇತಿ ಕೊಟ್ಟು, ಸ್ಥಳೀಯ ಮಾನಸಿಕ ಆರೋಗ್ಯ ಕೇಂದ್ರಗಳ ಮೂಲಕ ಇತರ ಮಾಜಿ ಸೈನಿಕರೊಂದಿಗೆ ಬೆರೆಸುತ್ತಾರೆ. ವೈದ್ಯರ ಮುಂದೆ ಬಾಯಿ ಬಿಡದವರಿಗೂ ಅದೇ ಕಷ್ಟ ಕಂಡವರ ಹತ್ತಿರ ಮಾತಾಡೋದು ಸುಲಭ.

ಇನ್ನೊಂದು, 2015ರ ಕಾನೂನಿನಿಂದ ಬಂದ ಅನುದಾನ. ಸ್ಥಳೀಯ ಸಂಸ್ಥೆಗಳು ತಾವೂ ಹಣ ಕೂಡಿಸಿದರೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಇದರಲ್ಲಿ ಕುಟುಂಬದವರಿಗೂ ನೆರವುಂಟು.

ಸೇನೆಯಲ್ಲಿದ್ದ ಗೆಳೆಯರು ಕುಸಿದಂತೆ ಕಂಡರೆ 988ಕ್ಕೆ ಕರೆ ಮಾಡಿ 1 ಒತ್ತಿ. ಅವರ ಪರವಾಗಿ ನಾವೂ ಮಾತಾಡಬಹುದು.