ಕಿವಿಗೆ ಬಂದ ಪುಸ್ತಕಗಳು: ಸಾಮಾನ್ಯ ಕೇಳುಗರಾಗಿ ನಮಗನಿಸಿದ್ದು

ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ವರೆಗಿನ ರೈಲುದಾರಿ ಸುಮಾರು 54 ಕಿಲೋಮೀಟರ್. ವೇಗದ ಲೋಕಲ್ ಹಿಡಿದರೂ ಒಂದು ಗಂಟೆಗೆ ಕಡಿಮೆಯಿಲ್ಲದ ಪ್ರಯಾಣ. ಡೊಂಬಿವಲಿ, ಥಾಣೆಗಳಲ್ಲಿ ನೆಲೆಸಿದವರ ಪಾಡಾಗಲಿ, ಪನ್ವೇಲ್, ನೆರೂಲ್, ವಾಶಿಗಳಿಂದ ಹಾರ್ಬರ್ ಮಾರ್ಗದಲ್ಲಿ ಬರುವವರ ಪಾಡಾಗಲಿ ಇದಕ್ಕಿಂತ ಬಹಳ ಭಿನ್ನವಲ್ಲ. ಈ ಹೊತ್ತಿನಲ್ಲಿ ಪುಸ್ತಕ ಬಿಡಿಸಿ ಓದೋಣವೆಂದರೆ ಗರ್ದಿಯಲ್ಲಿ ಕೈ ಎತ್ತಲೂ ಎಡೆಯಿಲ್ಲ. ಅಲ್ಲಿ ನಮ್ಮ ಸ್ವಾಧೀನದಲ್ಲಿ ಉಳಿಯುವುದು ಕಿವಿಯೊಂದೇ.

ಕೆಲವು ಕಾಲದಿಂದ ನಾವು ಆ ಕಿವಿಯನ್ನು ಆಡಿಯೋ ಪುಸ್ತಕಗಳಿಗೆ ಒಪ್ಪಿಸಿದ್ದೇವೆ. ನಾವು ವಿಮರ್ಶಕರಲ್ಲ, ಧ್ವನಿಮುದ್ರಣದ ತಜ್ಞರೂ ಅಲ್ಲ. ಕೈಗೆ ಸಿಕ್ಕಿದ್ದನ್ನು ಕೇಳಿದವರು, ಕೆಲವನ್ನು ಅರ್ಧಕ್ಕೆ ಬಿಟ್ಟವರು. ಆದರೂ ಈ ವಿಷಯವನ್ನು ಓದುಗರ ಮುಂದಿಡಲು ಒಂದು ಕಾರಣವಿದೆ. ನಮ್ಮ ಮನೆಯ ಹಿರಿಯರಿಗೆ ಕನ್ನಡ ಅಕ್ಷರ ಚೆನ್ನಾಗಿ ಬರುತ್ತದೆ, ಕಣ್ಣು ಸಹಕರಿಸುವುದಿಲ್ಲ. ನಮಗೆ ಅಕ್ಷರವೂ ಬರುತ್ತದೆ, ಕಣ್ಣೂ ಇದೆ, ಬಿಡುವಿಲ್ಲ. ಮಕ್ಕಳಿಗೆ ಕಣ್ಣೂ ಇದೆ, ಬಿಡುವೂ ಇದೆ, ಮನೆಯಲ್ಲಿ ಆಡುವ ಕನ್ನಡವೂ ಇದೆ, ಅಕ್ಷರ ಮಾತ್ರ ಬಾರದು. ಈ ಮೂರು ತಲೆಮಾರು ಒಟ್ಟಿಗೆ ಕುಳಿತು ಒಂದು ಕನ್ನಡ ಪುಸ್ತಕವನ್ನು ಸವಿಯಬೇಕಾದರೆ ಇಂದು ಇರುವ ದಾರಿ ಕಿವಿಯದು. ಉಪನಗರಗಳಲ್ಲಿ ನೆಲೆನಿಂತ ಹಲವು ಕನ್ನಡ ಕುಟುಂಬಗಳ ಸ್ಥಿತಿ ಇದೇ ಎಂದು ನಾವು ಭಾವಿಸುತ್ತೇವೆ.

ಕೇಳುವುದು ನಮಗೆ ಹೊಸತಲ್ಲ

ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ಕಂಡುಹಿಡಿದ ಮರುವರ್ಷವೇ, ಅದರ ಉಪಯೋಗಗಳಲ್ಲಿ ಅಂಧರಿಗಾಗಿ ಮಾತನಾಡುವ ಪುಸ್ತಕವನ್ನೂ ಹೆಸರಿಸಿದ್ದನು. 1930ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ದೃಷ್ಟಿಹೀನರಿಗಾಗಿ ಗ್ರಾಮಫೋನ್ ತಟ್ಟೆಗಳ ಮೇಲೆ ಇಡೀ ಪುಸ್ತಕಗಳನ್ನು ಓದಿ ಮುದ್ರಿಸುವ ಕಾರ್ಯ ಆರಂಭವಾಯಿತು. ಇಂದಿನ ಆಡಿಯೋ ಪುಸ್ತಕದ ಮೂಲ ಅದು.

ಆದರೆ ಕನ್ನಡಿಗರು ಕಾವ್ಯವನ್ನು ಕಿವಿಯಿಂದಲೇ ಸವಿದವರು. ಕುಮಾರವ್ಯಾಸನ ಭಾರತವಾಗಲಿ ಲಕ್ಷ್ಮೀಶನ ಜೈಮಿನಿ ಭಾರತವಾಗಲಿ ಅಕ್ಷರ ಬಾರದವರ ಮನೆಯನ್ನೂ ತಲುಪಿದ್ದು ಗಮಕಿಗಳ ಕಂಠದಿಂದ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು. 1950ರಲ್ಲಿ ಧಾರವಾಡ ಆಕಾಶವಾಣಿ ಬಂದಿತು. ಕಥೆ, ನಾಟಕ, ಹರಿಕಥೆಗಳು ರೇಡಿಯೋ ಪೆಟ್ಟಿಗೆಯಿಂದ ಹೊರಬಂದವು. ಅನಂತರ ಕ್ಯಾಸೆಟ್ಟುಗಳ ಕಾಲ. ಊರಿನಿಂದ ಮುಂಬಯಿಗೆ ಮರಳುವವರ ಚೀಲದಲ್ಲಿ ಉಪ್ಪಿನಕಾಯಿ, ಹಪ್ಪಳಗಳೊಡನೆ ಯಕ್ಷಗಾನ ತಾಳಮದ್ದಳೆಯ ಕ್ಯಾಸೆಟ್ಟುಗಳೂ ಇರುತ್ತಿದ್ದುದು ಕರಾವಳಿಯ ಕುಟುಂಬಗಳಿಗೆ ನೆನಪಿದ್ದೀತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳುತ್ತ ಅಡುಗೆ ಮುಗಿಸಿದ ಗೃಹಿಣಿಯರಿಗೆ ಆಡಿಯೋ ಪುಸ್ತಕ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಮಾತೊಂದರಿಂದಲೇ ಕೌರವನ ಸಭೆ ಕಣ್ಣಮುಂದೆ ನಿಲ್ಲುತ್ತಿತ್ತು.

ಈಗ ಕ್ಯಾಸೆಟ್ಟಿನ ಸ್ಥಾನದಲ್ಲಿ ಮೊಬೈಲ್ ಇದೆ. ಸ್ವೀಡನ್ ಮೂಲದ ಸ್ಟೋರಿಟೆಲ್ 2017ರಲ್ಲಿ ಭಾರತಕ್ಕೆ ಬಂದು ಮುಂದೆ ಕನ್ನಡವನ್ನೂ ಸೇರಿಸಿಕೊಂಡಿತು. ಕನ್ನಡದ ಇ-ಪುಸ್ತಕ ಮತ್ತು ಆಡಿಯೋ ಪುಸ್ತಕಗಳಿಗೆಂದೇ ಮೈಲ್ಯಾಂಗ್ ಎಂಬ ತಾಣ ರೂಪುಗೊಂಡಿತು. ಹವ್ಯಾಸಿಗಳ ಓದು ಯೂಟ್ಯೂಬಿನಲ್ಲಿ ಧಾರಾಳವಾಗಿದೆ. ಕೇಳಲು ಏನಿದೆ ಎಂಬ ಪ್ರಶ್ನೆ ಹಿಂದಾಗಿ, ಯಾವುದನ್ನು ಕೇಳಬೇಕು ಎಂಬ ಪ್ರಶ್ನೆ ಮುಂದೆ ಬಂದಿದೆ.

ಯಾವ ಬರಹ ಕಿವಿಗೆ ಒಗ್ಗುತ್ತದೆ?

ಓದುವಾಗ ಇಷ್ಟವಾದ ಪುಸ್ತಕವೆಲ್ಲ ಕೇಳುವಾಗಲೂ ಇಷ್ಟವಾಗುವುದಿಲ್ಲ. ಇದು ನಮಗೆ ಮೊದಲು ಮನವರಿಕೆಯಾದ ಸಂಗತಿ. ಪುಸ್ತಕದಲ್ಲಾದರೆ ಪುಟ ಹಿಂದಕ್ಕೆ ತಿರುವಬಹುದು. ದಿವಾದಿಂದ ಮುಂಬ್ರಾದವರೆಗೆ ಯಾರದೋ ಮೊಣಕೈ ತಗಲಿ ನಾಲ್ಕು ವಾಕ್ಯ ತಪ್ಪಿದರೆ, ಕೇಳುವವರಿಗೆ ಎಳೆ ಕೈತಪ್ಪಿದಂತೆಯೇ.

ಸಣ್ಣಕಥೆ ರೈಲಿಗೆ ಹೇಳಿ ಮಾಡಿಸಿದ್ದು. ಅದರಲ್ಲಿಯೂ ಮಾಸ್ತಿಯವರ ಕಥೆಗಳು. ಯಾರೋ ಬಂಧುಗಳು ಜಗಲಿಯ ಮೇಲೆ ಕುಳಿತು ನಿಧಾನವಾಗಿ ಹೇಳುತ್ತಿರುವಂತಹ ಧಾಟಿ ಅವುಗಳದು. ಆ ಗದ್ಯಕ್ಕೆ ಅವಸರವಿಲ್ಲ, ಓದುವವರು ನಾಟಕೀಯಗೊಳಿಸಬೇಕಾದ ಅಗತ್ಯವೂ ಇಲ್ಲ. ಹಿನ್ನೆಲೆಗೆ ಸಂಗೀತ ಹಾಕಿದ ಓದನ್ನು ನಾವು ಒಂದೆರಡು ಬಾರಿ ಕೇಳಿ ಬೇಸರಗೊಂಡಿದ್ದೇವೆ. ದುಃಖದ ಮಾತು ಬಂದಾಗ ಪಿಟೀಲು ನುಡಿಸಿ ನಮಗೆ ದುಃಖವನ್ನು ನೆನಪಿಸಬೇಕಾಗಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಮನೆಮಂದಿಯೆಲ್ಲ ಕೂಡಿ ಕೇಳಲು ಯೋಗ್ಯವಾದ ಕೃತಿ. ಮಂದಣ್ಣನ ಮಾತು ಬಂದೊಡನೆ ಮಕ್ಕಳು ನಗುತ್ತಾರೆ, ಹಾರುವ ಓತಿಯ ಹುಡುಕಾಟ ಆರಂಭವಾದೊಡನೆ ಸುಮ್ಮನಾಗುತ್ತಾರೆ. ವಾಕ್ಯಗಳು ಮಾತಿನ ಲಯದಲ್ಲಿಯೇ ಇರುವುದರಿಂದ ಅಕ್ಷರ ಬಾರದ ಮಗುವಿಗೂ ಎಲ್ಲಿಯೂ ತೊಡಕಾಗುವುದಿಲ್ಲ. ಮಕ್ಕಳಿಗೆ ಯಾವುದರಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾವು ಹೇಳುವುದು ಇದನ್ನೇ.

ದೊಡ್ಡ ಕಾದಂಬರಿಗಳ ವಿಷಯ ಬೇರೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಮೂರು ತಲೆಮಾರಿನ ಕಥೆ. ಅಜ್ಜನ ಹೆಸರೂ ರಾಮ, ಮೊಮ್ಮಗನ ಹೆಸರೂ ರಾಮ. ಆದರೂ ಕಿವಿಗೆ ಗೊಂದಲವಾಗದು. ಅಜ್ಜ 'ಐತಾಳರು' ಎಂದೇ ನಮ್ಮ ಮನಸ್ಸಿನಲ್ಲಿ ನೆಲೆಯಾಗಿರುತ್ತಾರೆ, ಕಾಲವೂ ನೇರವಾಗಿ ಮುಂದಕ್ಕೆ ಹರಿಯುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹಾಗಲ್ಲ. ಅಷ್ಟೊಂದು ಊರು, ಅಷ್ಟೊಂದು ಮನೆ, ಅಷ್ಟೊಂದು ಜನ. ಮೊದಲ ಬಾರಿಗೆ ಕಿವಿಯಿಂದಲೇ ಹಿಡಿಯಹೊರಟರೆ ಕಾಡಿನಲ್ಲಿ ದಾರಿ ತಪ್ಪಿದಂತಾಗುತ್ತದೆ. ಹಿಂದೆ ಓದಿದವರು ಕಣ್ಣು ಮಂಜಾದ ಮೇಲೆ ಮತ್ತೆ ಕೇಳಿದರೆ ಅದೇ ಕಾಡು ತವರಾಗುತ್ತದೆ. ಎಸ್.ಎಲ್. ಭೈರಪ್ಪನವರ 'ಪರ್ವ'ದಲ್ಲಿ ಕಥೆ ಒಬ್ಬೊಬ್ಬರ ಮನಸ್ಸಿನೊಳಗಿನಿಂದ ಸಾಗುವುದರಿಂದ, ಭಾಗದ ಆರಂಭ ತಪ್ಪಿಸಿಕೊಂಡವರು ಇದು ಯಾರ ನೆನಪು ಎಂದು ತಡಕಾಡಬೇಕಾಗುತ್ತದೆ.

ನಮ್ಮದೇ ಮುಂಬಯಿಯ ಕಾದಂಬರಿಯಾದ ಯಶವಂತ ಚಿತ್ತಾಲರ 'ಶಿಕಾರಿ' (1979) ಲೋಕಲ್‌ಗೆ ಸಲ್ಲದು. ನಾಗಪ್ಪನ ಒಳಗಿನ ಭಯ, ಸಂಶಯ, ತರ್ಕಗಳೇ ಅದರ ಜೀವಾಳ. ಆ ಮಾತುಗಳಿಗೆ ರಾತ್ರಿಯ ನಿಶ್ಶಬ್ದ ಬೇಕು. ಕಚೇರಿಯ ರಾಜಕಾರಣವನ್ನು ಕಂಡವರಿಗೆ ಅದು ಯಾರೋ ನಮ್ಮ ಕಿವಿಯಲ್ಲಿ ಪಿಸುಗುಟ್ಟಿದಂತೆ ತಾಗುತ್ತದೆ.

ಡಿ.ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ' (1943) ಇನ್ನೊಂದು ಬಗೆಯದು. 945 ಪದ್ಯಗಳನ್ನು ಒಂದೇ ಸಮನೆ ಹರಿಯಬಿಟ್ಟರೆ ಯಾವುದೂ ಉಳಿಯುವುದಿಲ್ಲ. ಬೆಳಿಗ್ಗೆ ಒಂದು ಪದ್ಯ, ಅದರ ವಿವರಣೆ, ಅಷ್ಟಕ್ಕೆ ನಿಲ್ಲಿಸಬೇಕು.

ಮೆಚ್ಚದಿದ್ದವುಗಳನ್ನೂ ಹೇಳಬೇಕಲ್ಲ. ನೂರಾರು ಕಂತುಗಳ ಧಾರಾವಾಹಿ ಕಥೆಗಳು ಈಗ ಬಹಳ ಪ್ರಚಾರದಲ್ಲಿವೆ. ಪ್ರತಿ ಕಂತೂ ಬಾಗಿಲು ಬಡಿದ ಸದ್ದಿಗೇ ನಿಲ್ಲುತ್ತದೆ. ಮುಂದಿನ ಕಂತಿನಲ್ಲಿ ಬಾಗಿಲು ತೆರೆದರೆ ಹಾಲಿನವನು! ನಾವು ಕೇಳಿದ ಕೆಲವು ಹಿಂದಿಯಿಂದ ಅವಸರದಲ್ಲಿ ತಂದವು. ಪದಗಳು ಕನ್ನಡದವು, ವಾಕ್ಯ ಕನ್ನಡದ್ದಲ್ಲ. ಇನ್ನು ಯಂತ್ರದ ಧ್ವನಿ. ದೃಷ್ಟಿಹೀನರಿಗೆ ಪತ್ರಿಕೆ, ಪತ್ರ, ಪಾಠಗಳನ್ನು ಓದಿಹೇಳುವಲ್ಲಿ ಅದರ ಉಪಕಾರ ದೊಡ್ಡದು. ಆದರೆ ಕಥೆಯಲ್ಲಿ ತಾಯಿಯ ಸಾವೂ ರೈಲಿನ ವೇಳಾಪಟ್ಟಿಯೂ ಒಂದೇ ಸ್ವರದಲ್ಲಿ ಬಂದರೆ ಮನಸ್ಸು ಒಪ್ಪುವುದಿಲ್ಲ.

ಓದುವವರ ನಾಲಿಗೆ

ಒಳ್ಳೆಯ ಓದು ಎಂದರೇನು? ಈ ಪ್ರಶ್ನೆಗೆ ಗಮಕವೇ ಉತ್ತರ ನೀಡುತ್ತದೆ. ಶಿವಮೊಗ್ಗ ಸಮೀಪದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರು 2022ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಗಮಕಿ. ಅವರ ವಾಚನಕ್ಕೆ ಮತ್ತೂರಿನ ಮಾರ್ಕಂಡೇಯ ಅವಧಾನಿಗಳು ವ್ಯಾಖ್ಯಾನ ನೀಡುತ್ತಿದ್ದ ಕುಮಾರವ್ಯಾಸ ಭಾರತವನ್ನು ಕೇಳಿದರೆ, ರಾಗ ಎಷ್ಟು ಬೇಕೋ ಅಷ್ಟೇ ಇರುವುದು ತಿಳಿಯುತ್ತದೆ. ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು, ಎಲ್ಲಿ ಉಸಿರು ನಿಲ್ಲಬೇಕು ಎಂಬುದರಲ್ಲಿಯೇ ಅರ್ಥ ಅಡಗಿದೆ. ಗದ್ಯ ಓದುವವರಿಗೂ ಈ ಪಾಠ ಅಗತ್ಯ. ನಾವು ಕೇಳಿದ ಒಂದು ಓದಿನಲ್ಲಿ 'ಹಕ್ಕಿ' ಹಾರುವ ಬದಲು 'ಅಕ್ಕಿ' ಹಾರಿತು!

ಎರಡನೆಯ ವಿಷಯ ಪ್ರಾದೇಶಿಕ ನುಡಿಯದು. ಈ ಉಪನಗರಗಳ ಒಂದೇ ಕಟ್ಟಡದಲ್ಲಿ ಕುಂದಾಪುರದವರು, ಧಾರವಾಡದವರು, ಕಲಬುರಗಿಯವರು, ಅಂಕೋಲೆಯವರು ಇರುತ್ತಾರೆ. ಆದರೆ ಆಡಿಯೋ ಪುಸ್ತಕಗಳಲ್ಲಿ ನಮಗೆ ಹೆಚ್ಚಾಗಿ ಕೇಳಿಸಿದ್ದು ಬೆಂಗಳೂರಿನ ಸ್ಟುಡಿಯೋ ಕನ್ನಡ. ವೈದೇಹಿಯವರ ಕಥೆಗಳಲ್ಲಿ ಕುಂದಾಪುರದ ಹೆಂಗಸರು ಆಡುವ ಮಾತನ್ನು ಆ ನೆಲದ ನಾಲಿಗೆಯೇ ಓದಬೇಕು. ಅಕ್ಷರ ನೋಡಿ ಉಚ್ಚರಿಸಿದರೆ ಶಬ್ದ ಬಂದೀತು, ದನಿ ಬಾರದು.

ಮಕ್ಕಳ ಬೆಳೆ, ಬೇಳೆ

ಇಲ್ಲಿನ ಮಕ್ಕಳಿಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಲೆಯಲ್ಲಿ ಮರಾಠಿ, ಹಿಂದಿ ಕಲಿತ ಮಕ್ಕಳು ಕನ್ನಡದ ಹಾಡನ್ನೋ ಭಾಷಣವನ್ನೋ ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು ನಮ್ಮ ಸಮಾರಂಭಗಳಲ್ಲಿ ಸಾಮಾನ್ಯ. ಮರಾಠಿಯಲ್ಲಿ ಳಕಾರವಿರುವುದರಿಂದ ಅದಕ್ಕೆ ಧಕ್ಕೆಯಿಲ್ಲ. ಆದರೆ ಅವರು ಕಲಿತ ಆ ಲಿಪಿಯಲ್ಲಿ ಎ, ಏ ಎರಡಕ್ಕೂ ಒಂದೇ ಗುರುತು. ಒ, ಓ ಎರಡಕ್ಕೂ ಒಂದೇ. ಆದಕಾರಣ 'ಬೆಳೆ'ಯೂ 'ಬೇಳೆ'ಯೂ ಒಂದಾಗುತ್ತವೆ. 'ಕೊಡು' ಎಂದರೆ 'ಕೋಡು' ಮೂಡುತ್ತದೆ. ಈ ಹ್ರಸ್ವ ದೀರ್ಘಗಳನ್ನು ಮಗುವಿಗೆ ಕಿವಿಯೇ ಕಲಿಸಬೇಕು. ಒಳ್ಳೆಯ ಓದನ್ನು ನಿತ್ಯ ಹತ್ತು ನಿಮಿಷ ಕೇಳಿದರೂ ಸಾಕು, ನಾವು ತಿದ್ದುವ ಮೊದಲೇ ಅದು ತಾನಾಗಿ ತಿದ್ದಿಕೊಳ್ಳುತ್ತದೆ.

ಹಾಗೆಂದು ಕಿವಿ ಅಕ್ಷರಕ್ಕೆ ಬದಲಿಯಲ್ಲ. ಕೇಳಿ ತಿಳಿದ ಮಗುವಿಗೆ ನಾಳೆ ಅಂಗಡಿಯ ಬೋರ್ಡನ್ನು, ಅಜ್ಜನ ಹಳೆಯ ಪತ್ರವನ್ನು ಓದಲಾಗದು. ಆದುದರಿಂದ ನಾವು ಕಂಡುಕೊಂಡ ಉಪಾಯ ಇದು: ಕೇಳುವ ಕಥೆಯ ಮುದ್ರಿತ ಪುಸ್ತಕವನ್ನೂ ತಂದು ಮುಂದಿಡುವುದು. ಮೊದಲು ಕಥೆ ಕೇಳಿದ ಮಗು, ಎರಡನೆಯ ಬಾರಿ ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತದೆ. ಗೊತ್ತಿರುವ ಮಾತಿನ ಅಕ್ಷರ ಕಲಿಯುವುದು ಗೊತ್ತಿಲ್ಲದ ಮಾತಿನ ಅಕ್ಷರ ಕಲಿಯುವುದಕ್ಕಿಂತ ಎಷ್ಟೋ ಸುಲಭ.

ಕೇಳುಗರಿಗೆ ಕೆಲವು ಮಾತು

ಪುಸ್ತಕ ಆರಿಸುವ ಮೊದಲು ಹತ್ತು ನಿಮಿಷ ಕೇಳಿ ನೋಡಿ. ಓದುವವರ ದನಿ ಹಿಡಿಸದಿದ್ದರೆ ಎಂತಹ ಕೃತಿಯೂ ಮುಂದೆ ಸಾಗದು. ಹೊರಡುವ ಮುನ್ನ ಮನೆಯಲ್ಲಿಯೇ ಡೌನ್‌ಲೋಡ್ ಮಾಡಿಕೊಳ್ಳಿ. ಪ್ಲಾಟ್‌ಫಾರ್ಮಿನಲ್ಲಿ, ರಸ್ತೆಯಲ್ಲಿ ಎರಡೂ ಕಿವಿಗಳನ್ನು ಮುಚ್ಚಿಕೊಳ್ಳಬೇಡಿ. ಕಥೆ ಕಾಯುತ್ತದೆ, ರೈಲು ಕಾಯುವುದಿಲ್ಲ. ಹಿರಿಯರಿಗೆ ಹಚ್ಚಿಕೊಡುವಾಗ ವೇಗವನ್ನು ಹೆಚ್ಚಿಸದಿರಿ, ಅರ್ಧ ಗಂಟೆಗೆ ತಾನಾಗಿ ನಿಲ್ಲುವಂತೆ ಹೊಂದಿಸಿ.

ಸಂಘಗಳು ತಾವೇ ಪುಸ್ತಕ ಓದಿ ಮುದ್ರಿಸಲು ಬಯಸಿದರೆ ಹಕ್ಕಿನ ವಿಷಯ ತಿಳಿದಿರಬೇಕು. ನಮ್ಮ ದೇಶದಲ್ಲಿ ಲೇಖಕರ ಮರಣಾನಂತರ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರದಾಗಿರುತ್ತದೆ. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕಥೆಗಳನ್ನು ಪ್ರಕಟಿಸಲು ಇಂದಿಗೂ ಅನುಮತಿ ಬೇಕು, ಕುಮಾರವ್ಯಾಸನಿಗೆ ಬೇಡ. ದೃಷ್ಟಿಹೀನರು ಬಳಸುವ ರೂಪದಲ್ಲಿ ಸಿದ್ಧಪಡಿಸಿಕೊಡಲು 2012ರ ತಿದ್ದುಪಡಿ ವಿನಾಯಿತಿ ನೀಡಿದೆ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಮನೆಯ ಹಿರಿಯರು ಶಸ್ತ್ರಚಿಕಿತ್ಸೆಯ ಬಳಿಕ ಕಣ್ಣು ಸ್ವಲ್ಪ ತಿಳಿಯಾದಾಗ, ದಪ್ಪಕ್ಷರದ ಒಂದು ಕಥೆಯನ್ನು ಮೊಮ್ಮಗಳಿಗಾಗಿ ಓದಿದರು. ಅವಳು ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟಳು. ನಡುವೆ ಕುಕ್ಕರಿನ ಸೀಟಿ ಇದೆ, ಒಮ್ಮೆ ಕೆಮ್ಮಿದ್ದಿದೆ, ಒಂದು ಕಡೆ ಸಾಲು ತಪ್ಪಿ ಮತ್ತೆ ಓದಿದ್ದಿದೆ. ನಾವು ಕೇಳಿದ ಎಲ್ಲ ಆಡಿಯೋ ಪುಸ್ತಕಗಳಲ್ಲಿ ಅವಳು ಮತ್ತೆ ಮತ್ತೆ ಕೇಳುವುದು ಅದನ್ನೇ. ಬೆಂಗಳೂರಿನ ಸ್ಟುಡಿಯೋದಲ್ಲಿ ಸಿಗದ ನಮ್ಮ ಊರುಗಳ ಕನ್ನಡ ಡೊಂಬಿವಲಿಯ, ಥಾಣೆಯ, ವಾಶಿಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅದು ಎಷ್ಟು ಕಾಲ ಇದ್ದೀತು? ಈ ಭಾನುವಾರವೇ ಒಂದು ಪುಸ್ತಕವನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಮೊಬೈಲ್ ಇಟ್ಟು, ಎದುರಿಗೆ ಮಕ್ಕಳನ್ನು ಕೂರಿಸಿ.